ಮುಕ್ಕೋನದ ಬೆಟ್ಟ



ಚಿತ್ರಕಲಾ ಶಿಕ್ಷಕನಾಗಿ ನಾನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸುಮಾರು ಮೂವತ್ತು ವರ್ಷಗಳನ್ನು ಕಳೆದೆ. 2007ರಲ್ಲಿ ಈ ನಾಲ್ಕೂ ಸೇರಿ ಒಂದು ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಅದು ಹಾಗಿರಲಿ. ಯಾವ ಶಾಲೆಗೆ ವರ್ಗವಾಗಿ ಹೋದರೂ ಮೊದಲ ದಿನ ಎಂಟನೆಯ ತರಗತಿಯ ಮಕ್ಕಳಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: "ಒಂದು ಬೆಟ್ಟ ಬರೆಯಿರಿ."

ಹತ್ತು ನಿಮಿಷದಲ್ಲಿ ಬೆಟ್ಟ ಸಿದ್ಧವಾಗುತ್ತಿತ್ತು. ಅಕ್ಕಪಕ್ಕದಲ್ಲಿ ಎರಡು ಮುಕ್ಕೋನಗಳು, ಅವುಗಳ ನಡುವೆ ಅರ್ಧ ಸೂರ್ಯ, ಸೂರ್ಯನ ಬುಡದಿಂದ ಇಳಿದು ಬರುವ ನದಿ, ದಡದಲ್ಲಿ ಒಂದು ತೆಂಗಿನ ಮರ. ಅರುವತ್ತು ಮಕ್ಕಳಿದ್ದರೆ ಅರುವತ್ತು ಹಾಳೆಗಳಲ್ಲೂ ಇದೇ. ಇದರಲ್ಲಿ ಸೋಜಿಗವೇನೆಂದರೆ, ಶಾಲೆಯ ಕಿಟಕಿಯಾಚೆ ರಾಮದೇವರ ಬೆಟ್ಟ ನಿಂತಿರುತ್ತಿತ್ತು. ಆ ಸೀಮೆಯ ಬೆಟ್ಟಗಳನ್ನು ಕಂಡವರಿಗೆ ಗೊತ್ತು, ಅಲ್ಲಿ ಮುಕ್ಕೋನವೆಂಬುದೇ ಇಲ್ಲ. ಆನೆಯ ಬೆನ್ನಿನಂತೆ, ಕವುಚಿಟ್ಟ ಮಡಕೆಯಂತೆ, ಒಂದರ ಮೇಲೊಂದು ಪೇರಿಸಿಟ್ಟ ಲಡ್ಡಿಗೆಯಂತೆ ದುಂಡನೆಯ ಬಂಡೆಗಳು. ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು; ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನ ಹೆಸರು ಅದು. ಊರು ಅದನ್ನು ಕಳಚಿಕೊಂಡರೂ ಭೂವಿಜ್ಞಾನಿಗಳು ಬಿಟ್ಟಿಲ್ಲ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಕಲ್ಲನ್ನು ಅವರು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಲ್ಲಿ ಇಡೀ ದೇಶವೇ ಈ ಬಂಡೆಗಳನ್ನು ನೋಡಿತು. ಅವುಗಳ ನೆರಳಿನಲ್ಲಿ ಕುಳಿತ ಹುಡುಗ ಮಾತ್ರ ಎಲ್ಲೋ ಅಚ್ಚಾದ ಮುಕ್ಕೋನವನ್ನು ಬರೆಯುತ್ತಿದ್ದ.

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ತಿಳಿಯಿತು, ಅದು ಹುಡುಗನ ಸೋಮಾರಿತನವಲ್ಲ, ಅವನ ಅಂಜಿಕೆ. ಏಳೆಂಟು ವರ್ಷದ ಮಗು ಆಕಳಿಗೆ ಹಸಿರು ಬಣ್ಣ ಹಚ್ಚಿ ಯಾರ ಗೊಡವೆಯೂ ಇಲ್ಲದೆ ಸುಖವಾಗಿರುತ್ತದೆ. ಹದಿಮೂರು ತುಂಬುವ ಹೊತ್ತಿಗೆ ಅದೇ ಮಗುವಿನ ಕಣ್ಣು ಬಲಿಯುತ್ತದೆ, ಕೈ ಮಾತ್ರ ಹಿಂದೆ ಉಳಿಯುತ್ತದೆ. ತಾನು ಬರೆದದ್ದು ತಾನು ಕಂಡಂತಿಲ್ಲವೆಂದು ಅದಕ್ಕೇ ಗೊತ್ತಾಗುತ್ತದೆ. ವಿಯೆನ್ನಾದಲ್ಲಿ ಕಲಾಶಿಕ್ಷಕನಾಗಿದ್ದು ಆಮೇಲೆ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿ, ಹರೆಯದ ಹೊಸ್ತಿಲಲ್ಲಿ ತಮ್ಮ ಚಿತ್ರವನ್ನು ತಾವೇ ಟೀಕಿಸತೊಡಗುವ ಈ ಬಿಕ್ಕಟ್ಟನ್ನು ಗುರುತಿಸಿದ್ದಾನೆ. ಆತನ ಪುಸ್ತಕ ನನ್ನ ಕೈಗೆ ಬರುವ ಮುಂಚೆಯೇ ನನ್ನ ಮಕ್ಕಳು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು: "ನಂಗೆ ಬರೆಯೋಕೆ ಬರಲ್ಲ ಸಾರ್." ಮುಕ್ಕೋನದ ಬೆಟ್ಟವನ್ನು ಯಾರೂ ತಪ್ಪೆನ್ನುವುದಿಲ್ಲ, ಯಾರೂ ನಗುವುದಿಲ್ಲ. ಆದಕಾರಣ ಮಕ್ಕಳು ಅದರ ಹಿಂದೆ ಅಡಗಿ ಕೂರುತ್ತಾರೆ.

ನಾನು ಮಾಡಿದ ಮೊದಲ ಕೆಲಸವೆಂದರೆ ತರಗತಿಯಿಂದ ರಬ್ಬರನ್ನು ಗಡೀಪಾರು ಮಾಡಿದ್ದು. ಎರಡನೆಯದು, ಹಾಳೆಯನ್ನು ನೋಡದೆ ಬರೆಯಿಸಿದ್ದು. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆಯಂತೆ ನಡೆಯಬೇಕು, ಪೆನ್ಸಿಲು ಅದೇ ನಡಿಗೆಯಲ್ಲಿ ಹಾಳೆಯ ಮೇಲೆ ಸಾಗಬೇಕು, ಕತ್ತು ಬಗ್ಗಿಸುವಂತಿಲ್ಲ. ಮುಗಿಸಿ ನೋಡಿದರೆ ಎಲ್ಲರ ಚಿತ್ರವೂ ಸೊಟ್ಟ. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. 'ಚೆನ್ನಾಗಿ ಬರೆಯುವವನು' ಎನಿಸಿಕೊಂಡಿದ್ದ ಹುಡುಗನದೂ ಸೊಟ್ಟವೇ ಆಗಿರುತ್ತಿದ್ದುದರಿಂದ ಆ ನಗೆಯಲ್ಲಿ ಯಾರಿಗೂ ಅವಮಾನವಿರಲಿಲ್ಲ. ಆದರೆ ಆ ಸೊಟ್ಟ ಗೆರೆಗಳ ನಡುವೆ ಎಲ್ಲೋ ಒಂದೆಡೆ, ಬಂಡೆಯ ಹೊಟ್ಟೆ ಉಬ್ಬಿದ ಕಡೆಯಲ್ಲಿ, ಒಂದು ಗೆರೆ ಥಟ್ಟನೆ ನಿಜವಾಗಿರುತ್ತಿತ್ತು. ಅದನ್ನು ಬೆರಳಿಟ್ಟು ತೋರಿಸುವುದಷ್ಟೇ ನನ್ನ ಪಾಠ.

ಎದುರಿಗೆ ಇಟ್ಟು ಬರೆಯಿಸುವ ವಸ್ತುವಿಗೂ ನಾನು ದೂರ ಹೋಗಲಿಲ್ಲ. ಹೂಜಿ, ಬಾಟಲಿ, ಮೇಣದ ಸೇಬು ಇವೆಲ್ಲ ಚಿತ್ರಕಲಾ ಪರೀಕ್ಷೆಗಳ ಕಾಯಂ ಗಿರಾಕಿಗಳು. ಕನಕಪುರದ ಕಡೆ ಮಕ್ಕಳ ಮನೆಯಲ್ಲಿ ಚಂದ್ರಿಕೆಗಳಿದ್ದವು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ ಅದು. ಚಾಪೆಯ ಮೇಲೆ ಬಿದಿರಿನ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅದನ್ನು ಗೋಡೆಗೆ ಓರೆಯಾಗಿ ಒರಗಿಸಿ, "ಈ ಸುರುಳಿ ನಿಮ್ಮಿಂದ ದೂರ ಹೋದಂತೆ ಏನಾಗುತ್ತದೆ, ನೋಡಿ" ಎಂದರೆ, ಪರ್ಸ್‌ಪೆಕ್ಟಿವ್ ಎಂದು ನಾನು ಕಪ್ಪುಹಲಗೆಯ ಮೇಲೆ ತಿಂಗಳುಗಟ್ಟಲೆ ಗೀಚಿದ್ದು ಅರ್ಧ ಗಂಟೆಯಲ್ಲಿ ಮನದಟ್ಟಾಗುತ್ತಿತ್ತು. ಬಣ್ಣದ ಪಾಠವನ್ನು ರಾಮನಗರದ ಗೂಡಿನ ಮಾರುಕಟ್ಟೆಯಲ್ಲೇ ಮಾಡಿದ್ದುಂಟು. ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯದು ಬಿಳಿ ಎಂದು ಪ್ರತಿಯೊಬ್ಬ ಮಗುವೂ ಹೇಳುತ್ತದೆ. "ಎಂಥ ಹಳದಿ?" ಎಂದು ಕೇಳಿದೆ. ನಿಂಬೆಯದೋ, ಅರಿಶಿನದ್ದೋ, ಹಸಿರು ಬೆರೆತದ್ದೋ? ಅಪ್ಪನ ಜೊತೆ ಗೂಡು ತಂದಿದ್ದ ಒಬ್ಬ ಹುಡುಗಿ ರಾಶಿಯ ಮುಂದೆ ಬಹಳ ಹೊತ್ತು ಕುಳಿತಿದ್ದು, ಕೊನೆಗೆ, "ಮೇಲೆ ಒಂದು ಹಳದಿ, ಸಂದಿನಲ್ಲಿ ಇನ್ನೊಂದು ಹಳದಿ ಸಾರ್" ಎಂದಳು. ನೆರಳಿಗೆ ಕಪ್ಪು ಬಳಿಯುವ ಚಟವನ್ನು ಆಕೆಗೆ ಬಿಡಿಸುವ ಕೆಲಸ ನನಗೆ ಉಳಿಯಲಿಲ್ಲ.

ಮಾಗಡಿಯಲ್ಲಿ ಸಾವನದುರ್ಗದ ಒಂಟಿಬಂಡೆ, ತಿರುಮಲೆಯ ರಂಗನಾಥನ ಗುಡಿ ಎರಡೂ ಇದ್ದುವು. ಅಲ್ಲಿಯ ಮಾತು ಈಗ ಬೇಡ. ಚನ್ನಪಟ್ಟಣದ ಒಬ್ಬ ಹುಡುಗನ ವಿಷಯವನ್ನು ಹೇಳಬೇಕು.

ಅವನ ತಂದೆ ಬೊಂಬೆಯ ಕೆಲಸದವರು. ಚನ್ನಪಟ್ಟಣದ ಬೊಂಬೆ ನಿಮಗೆಲ್ಲ ಗೊತ್ತು; ಅದು ತಯಾರಾಗುವುದನ್ನು ನೋಡಿದವರು ಕಡಮೆ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಕೇದಗೆಯ ಗರಿಯಿಂದ ಉಜ್ಜಿದರೆ ಹೊಳಪು. ಆ ಹುಡುಗ ಶಾಲೆ ಬಿಟ್ಟಮೇಲೆ ಅಲ್ಲಿಯೇ ಇರುತ್ತಿದ್ದ. ಒಂದು ದಿನ ಲೋಟದ ಬಾಯಿಯನ್ನು ಬರೆಯಲು ಹೇಳಿದೆ. ದುಂಡನೆಯದನ್ನು ಓರೆಯಿಂದ ನೋಡಿದಾಗ ಕಾಣುವ ಆ ಅಂಡಾಕೃತಿ ದೊಡ್ಡವರಿಗೂ ಸುಲಭಕ್ಕೆ ಬಗ್ಗುವುದಲ್ಲ. ಅವನು ಒಂದೇ ಉಸಿರಿನಲ್ಲಿ ಸುತ್ತಿಬಿಟ್ಟ. ಇನ್ನೊಂದು ಬರೆಯಿಸಿದೆ, ಮತ್ತೊಂದು ಬರೆಯಿಸಿದೆ, ಒಂದೂ ತಪ್ಪಲಿಲ್ಲ. "ಎಲ್ಲಿ ಕಲಿತೆಯಪ್ಪ?" ಎಂದರೆ ತಪ್ಪು ಮಾಡಿದವನಂತೆ ತಲೆತಗ್ಗಿಸಿ, "ಇದು ಡ್ರಾಯಿಂಗ್ ಅಲ್ಲ ಸಾರ್, ನಮ್ಮ ಅಬ್ಬನ ಕೆಲಸ" ಎಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮನೆಯಲ್ಲಿ ಕೈ ಕಲಿತದ್ದಕ್ಕೂ ಶಾಲೆಯಲ್ಲಿ ಚಿತ್ರವೆಂದು ಕರೆಯುವುದಕ್ಕೂ ಸಂಬಂಧವೇ ಇಲ್ಲವೆಂದು ಅವನಿಗೆ ಯಾರು ಹೇಳಿಕೊಟ್ಟರು? ಹೇಳಿಕೊಟ್ಟವರಲ್ಲಿ ನಾನೂ ಒಬ್ಬನಿರಬೇಕು. ಎಂಟು, ಒಂಬತ್ತು ಎರಡು ವರ್ಷ ಅವನು ನನ್ನ ಕೊಠಡಿ ಬಿಟ್ಟು ಕದಲಲಿಲ್ಲ. ಅಂಗಡಿಯ ಬಿಲ್ಲುಗಳ ಹಿಂಬದಿ ಅವನ ಹಾಳೆ. ಲೇತಿನ ಮುಂದೆ ಬಾಗಿದ ಅಪ್ಪನ ಬೆನ್ನನ್ನು ಅವನು ಬರೆದದ್ದನ್ನು ನಾನು ಈಗಲೂ ಕಣ್ಣಮುಂದೆ ತಂದುಕೊಳ್ಳಬಲ್ಲೆ.

ಹತ್ತನೆಯ ತರಗತಿಗೆ ಬಂದೊಡನೆ ಒಂದು ಮಧ್ಯಾಹ್ನ ಕೇಳಿದ: "ಆರುನೂರಿಪ್ಪತ್ತೈದರಲ್ಲಿ ಇದಕ್ಕೆ ಎಷ್ಟು ಸಾರ್?" ಎಸ್.ಎಸ್.ಎಲ್.ಸಿ.ಯ ಆರು ವಿಷಯಗಳ 625 ಅಂಕಗಳಲ್ಲಿ ಚಿತ್ರಕಲೆಗೆ ಒಂದೂ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯವಾಗಬೇಕೆಂದಿತು. 2020ರ ಶಿಕ್ಷಣ ನೀತಿ ಪಠ್ಯಕ್ಕೂ ಪಠ್ಯೇತರಕ್ಕೂ ನಡುವೆ ಗೋಡೆ ಬೇಡವೆಂದಿತು. ಇವನು ಕೇಳಿದ್ದು ಅವೆರಡಕ್ಕಿಂತ ಮುಂಚೆ. ಅವು ಬಂದಮೇಲೆ ಕೇಳಿದ್ದರೂ ನನ್ನ ಉತ್ತರ ಬದಲಾಗುತ್ತಿರಲಿಲ್ಲ. "ಏನೂ ಇಲ್ಲ" ಎಂದೆ. ಅಷ್ಟು ಹೇಳಿ ಸುಮ್ಮನಾದೆ. ಲೋಯರ್, ಹೈಯರ್ ಚಿತ್ರಕಲಾ ಪರೀಕ್ಷೆಗಳ ಮಾತು ಎತ್ತಬಹುದಾಗಿತ್ತು. 1919ರಲ್ಲಿ ಎ.ಎನ್. ಸುಬ್ಬರಾಯರು ಬೆಂಗಳೂರಿನಲ್ಲಿ ಸ್ಥಾಪಿಸಿದ ಕಲಾಮಂದಿರದಿಂದ ಹಿಡಿದು ಚಿತ್ರಕಲಾ ಪರಿಷತ್ತಿನವರೆಗೆ, ಅರುವತ್ತು ಕಿಲೋಮೀಟರಿನೊಳಗೆ ಎಷ್ಟು ಬಾಗಿಲುಗಳಿವೆಯೆಂದು ಹೇಳಬಹುದಾಗಿತ್ತು. ಆ ವೇಳೆಗೆ ನಾನೂ ಸೋತಿದ್ದೆ. ಹತ್ತನೆಯ ತರಗತಿಯ ಚಿತ್ರದ ಅವಧಿಗೆ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರೆ, ಸೀಮೆಸುಣ್ಣವನ್ನು ಅವರ ಕೈಗಿತ್ತು ಹೊರಬರುವುದು ನನಗೆ ರೂಢಿಯಾಗಿಬಿಟ್ಟಿತ್ತು. ಯಾರೂ ಬಲವಂತ ಮಾಡಿದ್ದಲ್ಲ. ಫಲಿತಾಂಶದ ವರ್ಷ, ಮಕ್ಕಳ ಭವಿಷ್ಯ ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಎಂಟರಲ್ಲಿ ಅವರ ಅಂಜಿಕೆಯನ್ನು ಬಿಡಿಸಿದವನು ಹತ್ತರಲ್ಲಿ ನನ್ನ ಅಂಜಿಕೆಯನ್ನೇ ಅವರಿಗೆ ಕೊಟ್ಟೆನೆಂದು ಈಗ ಅನ್ನಿಸುತ್ತದೆ. ಆ ಹುಡುಗ ಮತ್ತೆ ಬಿಲ್ಲಿನ ಹಾಳೆಗಳನ್ನು ತರಲಿಲ್ಲ.

ಹೋದ ವರ್ಷ ಮೊಮ್ಮಗಳಿಗೆ ಬೊಂಬೆ ಕೊಳ್ಳಲೆಂದು ಮೈಸೂರು ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನ ಹಿಂದಿದ್ದವನು ಎದ್ದು ನಿಂತು, "ಡ್ರಾಯಿಂಗ್ ಸಾರ್!" ಎಂದ. ತಲೆ ಅಲ್ಲಲ್ಲಿ ನರೆತಿತ್ತು. ಕುರ್ಚಿ ಹಾಕಿಸಿದ, ಚಹಾ ತರಿಸಿದ, ದುಡ್ಡು ಬೇಡವೆಂದು ಹಟ ಮಾಡಿದ. "ಬರೀತೀಯೇನಪ್ಪ?" ಎಂದೆ. "ಇಲ್ಲ ಸಾರ್, ಬಿಟ್ಟೇಹೋಯ್ತು" ಎಂದು ನಕ್ಕ. ಪಕ್ಕದ ಸ್ಟೂಲಿನ ಮೇಲೆ ಅವನ ಮಗಳು, ಎಂಟನೆಯ ತರಗತಿಯಂತೆ, ಶಾಲೆಯ ಯಾವುದೋ ಪ್ರಾಜೆಕ್ಟಿಗೆ ಚಿತ್ರ ಬರೆಯುತ್ತಿದ್ದಳು. ನಾನು ಬಗ್ಗಿ ನೋಡಿದೆ. ಎರಡು ಮುಕ್ಕೋನ, ನಡುವೆ ಸೂರ್ಯ.

ಅವನೂ ನೋಡಿದ. ಮನೆಮಾತಿನಲ್ಲಿ ಆಕೆಗೆ ಏನೋ ಹೇಳುತ್ತ, ಅವಳ ಕೈಯಿಂದ ಪೆನ್ಸಿಲನ್ನು ತೆಗೆದುಕೊಂಡು, ಮುಕ್ಕೋನದ ಮೊನೆಯ ಮೇಲೆ ಒಂದೇ ಉಸಿರಿನಲ್ಲಿ ದುಂಡನೆಯ ಗೆರೆಯೊಂದನ್ನು ಎಳೆದ. ಹುಡುಗಿ ಮುಖ ಸಿಂಡರಿಸಿ, ರಬ್ಬರು ಹುಡುಕತೊಡಗಿದಳು.