ಪರದೇಶದಿಂದ ಇನ್ನೊಂದು ಪರದೇಶಕ್ಕೆ: ವೀಸಾ ಅರ್ಜಿಯ ಸಿದ್ಧತೆ



ಉಡುಪಿ ಜಿಲ್ಲೆಯ ಒಬ್ಬ ಹುಡುಗ ನಮ್ಮಲ್ಲೇ ಇಂಜಿನಿಯರಿಂಗ್ ಮುಗಿಸಿ, ದುಬೈಗೆ ಹೋಗಿ, ಎರಡು ವರ್ಷದಿಂದ ಅಲ್ಲಿ ಕೆಲಸದಲ್ಲಿದ್ದಾನೆ ಎಂದಿಟ್ಟುಕೊಳ್ಳೋಣ. ನಮ್ಮ ಕರಾವಳಿಗೆ ಇದು ಅಪರೂಪದ ಸಂಗತಿಯೇನಲ್ಲ. ಅವನಿಗೆ ಮತ್ತೆ ಓದುವ ಆಸೆ. ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಾನೆ, ಸ್ನಾತಕೋತ್ತರ ತರಗತಿಗೆ ಪ್ರವೇಶಪತ್ರ ಕೈಗೆ ಬರುತ್ತದೆ. ಮರುದಿನವೇ ಕೆಲಸಕ್ಕೆ ರಾಜೀನಾಮೆ ಕೊಡುತ್ತಾನೆ. ಇಡೀ ಕಥೆಯಲ್ಲಿ ಅವನು ಮಾಡಿದ ತಪ್ಪು ಇದೊಂದೇ. ಆದರೆ ಒಂದು ವರ್ಷ ಕಳೆದುಕೊಳ್ಳಲು ಅದೊಂದೇ ಸಾಕು.

ಏಕೆ ಎಂದು ಹೇಳುತ್ತೇನೆ. ತೊಂಬತ್ತು ದಿನಗಳಿಗಿಂತ ಹೆಚ್ಚು ಕಾಲ ಜರ್ಮನಿಯಲ್ಲಿ ಇರಬೇಕಾದ ಭಾರತೀಯನಿಗೆ ಪ್ರವಾಸಿ ವೀಸಾ ಸಾಲದು. 'ಡಿ' ವರ್ಗದ ರಾಷ್ಟ್ರೀಯ ವೀಸಾ ಬೇಕು. ಅದಕ್ಕೆ ಎಲ್ಲಿಂದ ಬೇಕಾದರೂ ಅರ್ಜಿ ಹಾಕಲು ಬರುವುದಿಲ್ಲ. ನೀವು ಕಾನೂನುಬದ್ಧವಾಗಿ ವಾಸವಾಗಿರುವ ಸ್ಥಳಕ್ಕೆ ಯಾವ ಜರ್ಮನ್ ಕಚೇರಿ ಸಂಬಂಧಿಸಿದೆಯೋ ಅಲ್ಲಿಯೇ ಹಾಕಬೇಕು. ಕರ್ನಾಟಕದಲ್ಲಿ ವಾಸಿಸುವವರಿಗೆ ಬೆಂಗಳೂರಿನಲ್ಲಿರುವ ಜರ್ಮನ್ ದೂತಾವಾಸ; ದುಬೈಯಲ್ಲಿ ವಾಸಿಸುವವರಿಗೆ ದುಬೈಯಲ್ಲಿರುವುದು. ವಾಸವೆಂದರೆ ನಾಲ್ಕು ದಿನ ನೆಂಟರ ಮನೆಯಲ್ಲಿ ಇದ್ದು ಬರುವುದಲ್ಲ. ಸಾಮಾನ್ಯವಾಗಿ ಆರು ತಿಂಗಳಾದರೂ ಆ ದೇಶದಲ್ಲಿ ನೆಲೆಸಿರಬೇಕು, ಅದಕ್ಕೆ ಸರಿಯಾದ ವಾಸದ ಪರವಾನಗಿಯೂ ಚಾಲ್ತಿಯಲ್ಲಿರಬೇಕು.

ಕೊಲ್ಲಿ ದೇಶಗಳಲ್ಲಿ ಆ ಪರವಾನಗಿ ಕೆಲಸದೊಂದಿಗೆ ಗಂಟುಬಿದ್ದಿರುತ್ತದೆ. ಕೆಲಸ ಬಿಟ್ಟರೆ ಅದು ರದ್ದಾಗುತ್ತದೆ; ಆಮೇಲೆ ದೇಶ ಬಿಡಲು ಸ್ವಲ್ಪ ಕಾಲಾವಕಾಶ ಸಿಗುತ್ತದೆ, ಅಷ್ಟೆ. ನಮ್ಮ ಹುಡುಗ ರಾಜೀನಾಮೆ ಕೊಟ್ಟು, ಕಾಗದಪತ್ರ ಕೂಡಿಸಿಕೊಂಡು ದೂತಾವಾಸಕ್ಕೆ ಹೋಗುವ ಹೊತ್ತಿಗೆ ಅವನು ಆ ದೇಶದ ನಿವಾಸಿಯೇ ಅಲ್ಲ. ಊರಿಗೆ ಮರಳಿ ಬೆಂಗಳೂರಿನ ಸರದಿಯ ಕೊನೆಯಲ್ಲಿ ನಿಲ್ಲಬೇಕು. ಜರ್ಮನಿಯ ವಿಶ್ವವಿದ್ಯಾಲಯಗಳ ಚಳಿಗಾಲದ ಅವಧಿ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ವೀಸಾ ನಿರ್ಧಾರಕ್ಕೆ ಹಲವು ವಾರಗಳು, ಕೆಲವೊಮ್ಮೆ ಎರಡು ಮೂರು ತಿಂಗಳೂ ಹಿಡಿಯುತ್ತವೆ. ಲೆಕ್ಕ ನೀವೇ ಹಾಕಿ ನೋಡಿ.

ಆದ್ದರಿಂದ ಪರದೇಶದಲ್ಲಿದ್ದುಕೊಂಡು ಅರ್ಜಿ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಈಗ ಇರುವ ದೇಶದಲ್ಲಿ ನನ್ನ ಪರವಾನಗಿ ಎಷ್ಟು ದಿನವಿದೆ? ವೀಸಾ ನಿರ್ಧಾರ ಕೈಗೆ ಬರುವವರೆಗೂ ಅದು ನಿಲ್ಲುವಂತಿರಲಿ. ಮಾಲೀಕರಿಗೆ ವಿಷಯ ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ತಿಳಿಸಿ, ಆದರೆ ಕೆಲಸ ಬಿಡುವ ದಿನವನ್ನು ನೀವು ಗೊತ್ತುಮಾಡಿ. ಇನ್ನೊಂದು ಮಾತು: ನೌಕರನ ಪಾಸ್‌ಪೋರ್ಟನ್ನು ಮಾಲೀಕರು ತಮ್ಮ ಬಳಿ ಇಟ್ಟುಕೊಳ್ಳುವುದು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ. ಹಾಗಿದ್ದೂ ಸಂಕೋಚದಿಂದ ಕೇಳದೆ ಇರುವವರು ಇದ್ದಾರೆ. ಪಾಸ್‌ಪೋರ್ಟ್ ಇಲ್ಲದೆ ಅರ್ಜಿಯ ಮೊದಲ ಸಾಲನ್ನೂ ತುಂಬಲಾಗದು.

ಇಲ್ಲಿ ಕೆಲವರು ಒಂದು ಅಡ್ಡದಾರಿ ಸೂಚಿಸುತ್ತಾರೆ. 'ಪ್ರವಾಸಿ ವೀಸಾದ ಮೇಲೆ ಹೋಗಿಬಿಡು, ಅಲ್ಲೇ ಬದಲಾಯಿಸಿಕೊಳ್ಳಬಹುದು' ಎನ್ನುತ್ತಾರೆ. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯ ಮುಂತಾದ ಕೆಲವು ದೇಶಗಳ ಪ್ರಜೆಗಳು ವೀಸಾ ಇಲ್ಲದೆ ಹೋಗಿ ಅಲ್ಲಿಯೇ ವಾಸದ ಪರವಾನಗಿ ಕೇಳಬಹುದೆಂಬುದು ನಿಜ. ಭಾರತೀಯರಿಗೆ ಆ ಸೌಲಭ್ಯವಿಲ್ಲ. ಪ್ರವಾಸಿಯಾಗಿ ಹೋದವನು ಸಾಮಾನ್ಯವಾಗಿ ಹಿಂದಿರುಗಿ ಬಂದೇ ಓದಿನ ವೀಸಾ ಕೇಳಬೇಕು. ವಿಮಾನದ ಹಣವೂ ಹೋಯಿತು, ಕಾಲವೂ ಹೋಯಿತು. ಅಮೆರಿಕದ ಗೆಳೆಯನ ಅನುಭವ ನಮಗೆ ದಾರಿದೀಪವಾಗುವುದಿಲ್ಲ.

ಈಗ ಕಾಗದಪತ್ರಗಳ ವಿಚಾರ. ಹತ್ತನೆಯ ತರಗತಿಯ ಮಕ್ಕಳೂ ಈ ಭಾಗವನ್ನು ಗಮನವಿಟ್ಟು ಓದಿದರೆ ನನಗೆ ಸಂತೋಷ.

ನಿಮ್ಮ ಹೆಸರನ್ನು ನಿಮ್ಮ ದಾಖಲೆಗಳಲ್ಲಿ ಹೇಗೆ ಬರೆದಿದ್ದಾರೆ? ನಮ್ಮಲ್ಲಿ ಹೆಸರಿಗೆ ಮುಂದೆಯೋ ಹಿಂದೆಯೋ ಒಂದೆರಡು ಅಕ್ಷರ ಸೇರಿಸುವ ಪದ್ಧತಿ. ಊರಿನ ಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಪ್ರಶಾಂತ ಬಿ. ಕೆ.' ಎಂದಿದೆ. ಪದವಿ ಪ್ರಮಾಣಪತ್ರದಲ್ಲಿ 'ಬಿ. ಕೆ. ಪ್ರಶಾಂತ್'. ಪಾಸ್‌ಪೋರ್ಟ್ ಮಾಡಿಸುವಾಗ ಅಕ್ಷರಗಳನ್ನು ಬಿಡಿಸಿ ಬರೆಯಿರಿ ಎಂದರು. ಊರಿನ ಹೆಸರೂ ತಂದೆಯ ಹೆಸರೂ ಉದ್ದಕ್ಕೆ ಬಂದವು. ತಂಗಿಯ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗವೇ ಖಾಲಿ. ನಮಗೆ ಇವೆಲ್ಲ ಒಬ್ಬನೇ ಪ್ರಶಾಂತ. ಮೇಜಿನ ಆಚೆ ಕುಳಿತ ಅಧಿಕಾರಿಗೆ ಇವರು ಮೂವರು.

ಆ ಅಧಿಕಾರಿಯ ಸ್ಥಾನದಲ್ಲಿ ಒಮ್ಮೆ ಕುಳಿತು ನೋಡಿ. ಅವರು ನಿಮ್ಮ ಊರು ಕಂಡವರಲ್ಲ, ನಿಮ್ಮ ಮೇಷ್ಟರನ್ನು ಬಲ್ಲವರಲ್ಲ. ಅವರ ಮುಂದಿರುವುದು ಒಂದು ಕಡತ ಮಾತ್ರ. ಅದರ ಪ್ರತಿಯೊಂದು ಹಾಳೆಯೂ ಇನ್ನೊಂದು ಹಾಳೆಯ ಮಾತಿಗೆ ಸಾಕ್ಷಿ ಹೇಳಬೇಕು. ಗಟ್ಟಿ ಅರ್ಜಿ ಎಂದರೆ ದಪ್ಪ ಅರ್ಜಿ ಅಲ್ಲ. ಒಂದು ಹಾಳೆ ಇನ್ನೊಂದನ್ನು ಅಲ್ಲಗಳೆಯದ ಅರ್ಜಿ.

ಹೆಸರಿನ ತಿದ್ದುಪಡಿಯನ್ನು ಊರಿನಲ್ಲಿದ್ದಾಗ, ಅದೂ ಶಾಲೆ ಕಾಲೇಜಿನಲ್ಲಿ ಇರುವಾಗಲೇ ಮಾಡಿಸಿಕೊಳ್ಳುವುದು ಸುಲಭ. ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಕಳಿಸಬಹುದು. ದುಬೈಯಲ್ಲೋ ಡಬ್ಲಿನ್ನಿನಲ್ಲೋ ಕುಳಿತು ಇದನ್ನು ಮಾಡಿಸಲು ಹೊರಟರೆ ಅಪ್ಪ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಜನನ ಪ್ರಮಾಣಪತ್ರವನ್ನೂ ಇದೇ ಸಮಯಕ್ಕೆ ನೋಡಿಕೊಳ್ಳಿ. ಆಸ್ಪತ್ರೆಯಲ್ಲಿ ನೋಂದಣಿಯಾದಾಗ ಮಗುವಿಗೆ ಹೆಸರಿಟ್ಟಿರುವುದಿಲ್ಲ. ಆ ಜಾಗ ಹಾಗೆಯೇ ಖಾಲಿ ಉಳಿದ ಪ್ರಮಾಣಪತ್ರಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಹೆಸರು ಸೇರಿಸಲು ನಿಯಮದಲ್ಲಿ 15 ವರ್ಷಗಳ ಅವಧಿ ಇದೆ.

ಆಗಲೇ ಪರದೇಶದಲ್ಲಿದ್ದು, ಹೆಸರಿನ ಭೇದ ಉಳಿದೇಬಿಟ್ಟಿದ್ದರೆ? ಮುಚ್ಚಿಡಬೇಡಿ. ಇವೆಲ್ಲ ಒಬ್ಬನದೇ ಹೆಸರು, ಈ ಕಾರಣದಿಂದ ಹೀಗಾಗಿದೆ ಎಂದು ಒಂದು ಪುಟದಲ್ಲಿ ಸರಳವಾಗಿ ಬರೆದು, ಬೇಕಾದ ಪ್ರಮಾಣಪತ್ರವನ್ನು ಜೊತೆಗಿಡಿ. ಅಧಿಕಾರಿ ತಾವಾಗಿ ಕಂಡುಹಿಡಿದ ಭೇದ ಅನುಮಾನವಾಗುತ್ತದೆ. ನೀವಾಗಿ ತೋರಿಸಿದ ಭೇದ ಬರೀ ವಿವರವಾಗುತ್ತದೆ.

ಪದವಿಯ ವಿಷಯಕ್ಕೆ ಬರೋಣ. ಭಾರತದಲ್ಲಿ ಓದಿದ ವಿದ್ಯಾರ್ಥಿಗಳ ಅಂಕಪಟ್ಟಿ, ಪದವಿಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಎಪಿಎಸ್ ಎಂಬ ಕಚೇರಿ ದೆಹಲಿಯಲ್ಲಿದೆ. 2022ರ ನವೆಂಬರ್ 1ರಿಂದ ಭಾರತದಲ್ಲಿ ಓದಿನ ವೀಸಾ ಕೇಳುವವರಿಗೆ ಇದು ಕಡ್ಡಾಯವಾಯಿತು. ಅನೇಕ ವಿಶ್ವವಿದ್ಯಾಲಯಗಳು ಪ್ರವೇಶಕ್ಕೇ ಇದನ್ನು ಕೇಳುತ್ತವೆ. ಆದ್ದರಿಂದ ನೀವು ಯಾವ ದೇಶದಲ್ಲೇ ಇರಿ, ಪದವಿ ಭಾರತದ್ದಾದರೆ ಇದನ್ನು ಮೊದಲೇ ಮಾಡಿಸಿಕೊಳ್ಳುವುದು ಜಾಣತನ. ಕೊಲ್ಲಿಗೆ ಹೋಗುವಾಗ ಪದವಿ ಪ್ರಮಾಣಪತ್ರದ ಹಿಂಬದಿಗೆ ಒಂದರ ಮೇಲೊಂದು ಮುದ್ರೆ ಹಾಕಿಸಿರುತ್ತೀರಿ. 'ಇಷ್ಟೆಲ್ಲ ಮುದ್ರೆ ಇದೆಯಲ್ಲ' ಎಂಬ ಧೈರ್ಯ ಬೇಡ. ಅವು ಆ ದೇಶದ ಕೆಲಸಕ್ಕೆ ಹಾಕಿಸಿದ ಮುದ್ರೆಗಳು, ಎಪಿಎಸ್ ಬೇರೆ. ಹಾಗೆಯೇ, ಕೇಳದ ಮುದ್ರೆಗಳಿಗಾಗಿ ಮಧ್ಯವರ್ತಿಗಳಿಗೆ ಸಾವಿರಾರು ರೂಪಾಯಿ ಸುರಿಯುವುದೂ ಬೇಡ. ದೂತಾವಾಸದ ಪಟ್ಟಿಯಲ್ಲಿ ಏನು ಕೇಳಿದ್ದಾರೋ ಅದನ್ನು, ಕೇಳಿದ ಕ್ರಮದಲ್ಲಿ, ಕೇಳಿದಷ್ಟು ಪ್ರತಿಗಳಲ್ಲಿ ಕೊಡಿ. ದುಬೈಯ ಪಟ್ಟಿಗೂ ಬೆಂಗಳೂರಿನ ಪಟ್ಟಿಗೂ ವ್ಯತ್ಯಾಸವಿರಬಹುದು. ನಿಮ್ಮದು ಯಾವ ಕಚೇರಿಯೋ ಆ ಪಟ್ಟಿಯೇ ಪ್ರಮಾಣ.

ಹಣದ ವಿಷಯ ಎಲ್ಲರಿಗೂ ನಿದ್ದೆಗೆಡಿಸುವಂಥದು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಹೊರದೇಶದ ವಿದ್ಯಾರ್ಥಿಗಳಿಗೆ ಅವಧಿಯೊಂದಕ್ಕೆ 1,500 ಯೂರೊ ವಿಧಿಸಿತು, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಅವಧಿಯಿಂದ ಶುಲ್ಕ ಆರಂಭಿಸಿತು. ಆದರೆ ಶುಲ್ಕ ಇಲ್ಲವೆಂದ ಮಾತ್ರಕ್ಕೆ ಖರ್ಚು ಇಲ್ಲವೆಂದಲ್ಲ. ಒಂದು ವರ್ಷದ ಊಟ, ಬಾಡಿಗೆಗೆ ಹಣವಿದೆ ಎಂದು ಮೊದಲೇ ತೋರಿಸಬೇಕು. ಹೆಚ್ಚಿನವರು ಇದಕ್ಕಾಗಿ 'ಬ್ಲಾಕ್ಡ್ ಅಕೌಂಟ್' ಎಂಬ ಖಾತೆ ತೆರೆಯುತ್ತಾರೆ. ಹಣ ನಿಮ್ಮದೇ, ಆದರೆ ತಿಂಗಳಿಗೆ ಇಷ್ಟು ಎಂದು ಮಾತ್ರ ಕೈಗೆ ಬರುತ್ತದೆ. ಮೊದಲು ವರ್ಷಕ್ಕೆ 11,208 ಯೂರೊ ಇದ್ದದ್ದು 2024ರ ಸೆಪ್ಟೆಂಬರ್ 1ರಿಂದ 11,904 ಆಯಿತು. ಅಂದರೆ ತಿಂಗಳಿಗೆ 992. ಈ ಮೊತ್ತ ಕಾಲಕಾಲಕ್ಕೆ ಏರುತ್ತದೆ. ಅರ್ಜಿ ಕೊಡುವ ದಿನ ಎಷ್ಟಿದೆ ಎಂದು ನೋಡಿಯೇ ಹಣ ಕಟ್ಟಿ. ಹತ್ತು ಯೂರೊ ಕಡಿಮೆಯಾದರೂ ಕಡಿಮೆಯೇ. ವಿದ್ಯಾರ್ಥಿವೇತನ ಸಿಕ್ಕಿದ್ದರೆ ಅಥವಾ ಜರ್ಮನಿಯಲ್ಲಿ ನೆಲೆಸಿದವರೊಬ್ಬರು ನಿಮ್ಮ ವೆಚ್ಚಕ್ಕೆ ಅಲ್ಲಿಯ ಕಚೇರಿಯಲ್ಲಿ ಲಿಖಿತ ಜವಾಬ್ದಾರಿ ಹೊತ್ತಿದ್ದರೆ ಅದೂ ನಡೆಯುತ್ತದೆ.

ಕೆಲವರು ಬಡ್ಡಿಗೆ ಹಣ ತಂದು, ಖಾತೆಯಲ್ಲಿ ತೋರಿಸಿ, ಆಮೇಲೆ ಹಿಂದಿರುಗಿಸುವ ಆಟ ಹೂಡುತ್ತಾರೆ. ತಿಂಗಳಿಗೆ ಇಷ್ಟೇ ಎಂದು ಬೀಗ ಹಾಕಿದ ಖಾತೆಯಿಂದ ಹಿಂದಿರುಗಿಸುವುದು ಹೇಗೆ? ಸಾಲ ಕೊಟ್ಟವನು ಊರಿನಲ್ಲಿ ಅಪ್ಪನ ಬಾಗಿಲಿಗೆ ಬರುತ್ತಾನೆ. ಅಲ್ಲಿ ಹೋಗಿ ದುಡಿದು ತೀರಿಸುತ್ತೇನೆ ಎಂಬ ಲೆಕ್ಕವೂ ಜೋಪಾನ. 2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶವಿದೆ. ಆದರೆ ಇನ್ನೂ ಸಿಗದ ಕೆಲಸದ ಸಂಬಳವನ್ನು ವೀಸಾ ಅಧಿಕಾರಿ ಹಣವೆಂದು ಎಣಿಸುವುದಿಲ್ಲ. ನಮ್ಮ ಉಡುಪಿಯ ಹುಡುಗನಿಗೆ ಇಲ್ಲಿ ಒಂದು ಅನುಕೂಲವಿದೆ: ಎರಡು ವರ್ಷದ ಸಂಬಳದ ಉಳಿತಾಯ. ಪ್ರತಿ ತಿಂಗಳೂ ಬ್ಯಾಂಕಿಗೆ ಬಂದ ಸಂಬಳ, ಕೆಲಸದ ಕರಾರುಪತ್ರ, ಉಳಿತಾಯದ ಮೊತ್ತ, ಈ ಮೂರೂ ಒಂದೇ ಮಾತು ಹೇಳುತ್ತವೆ. ಕಡತಕ್ಕೆ ಇದಕ್ಕಿಂತ ಬಲ ಬೇರೆಯಿಲ್ಲ. ವೀಸಾ ನಿರಾಕರಿಸಿದರೆ ಆ ಪತ್ರ ತೋರಿಸಿ ಖಾತೆಯ ಹಣ ಹಿಂಪಡೆಯಬಹುದು, ಆ ಬಗ್ಗೆ ಗಾಬರಿ ಬೇಡ.

ಇನ್ನು, ಏಕೆ ಓದಬೇಕೆಂದಿದ್ದೀರಿ ಎಂಬ ಪತ್ರ. ಏಜೆಂಟರ ಬಳಿ ಸಿದ್ಧ ಮಾದರಿಗಳಿವೆ. ಜರ್ಮನಿಯ ತಂತ್ರಜ್ಞಾನ, ಅದರ ಶ್ರೀಮಂತ ಪರಂಪರೆ ಎಂದು ಎರಡು ಪುಟ ಹೊಗಳಿರುತ್ತಾರೆ. ಜರ್ಮನಿಯ ಅಧಿಕಾರಿಗೆ ಜರ್ಮನಿಯ ಪರಿಚಯ ನೀವು ಮಾಡಿಕೊಡಬೇಕಾಗಿಲ್ಲ. ಪದವಿಯಲ್ಲಿ ಏನು ಓದಿದೆ, ಎರಡು ವರ್ಷ ಏನು ಕೆಲಸ ಮಾಡಿದೆ, ಆ ಕೆಲಸದಲ್ಲಿ ಯಾವ ವಿಷಯ ತಿಳಿಯದೆ ತಡೆದು ನಿಂತೆ, ಈ ತರಗತಿಯ ಯಾವ ಪಾಠ ಅದಕ್ಕೆ ಉತ್ತರವಾದೀತು, ಮುಗಿದ ಮೇಲೆ ಏನು ಮಾಡಬೇಕೆಂದಿರುವೆ, ಇಷ್ಟನ್ನು ನಿಮ್ಮದೇ ಮಾತಿನಲ್ಲಿ ಬರೆದರೆ ಒಂದೂವರೆ ಪುಟವಾಗುತ್ತದೆ. ಸಂದರ್ಶನದಲ್ಲಿ ಇದನ್ನೇ ಕೇಳಿದಾಗ ಕಂಠಪಾಠದ ಅಗತ್ಯವೂ ಬೀಳುವುದಿಲ್ಲ. ಮಧ್ಯೆ ಒಂದು ವರ್ಷ ಮನೆಯಲ್ಲಿ ಕುಳಿತಿದ್ದರೆ ಅದನ್ನೂ ಬರೆಯಿರಿ. ಅಜ್ಜಿಯ ಶುಶ್ರೂಷೆಗೆ ಇದ್ದೆ ಎನ್ನುವುದು ನಾಚಿಕೆಯ ವಿಷಯವಲ್ಲ. ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದ್ದರೆ, ಕೇಳಿದ ಕಡೆ ಹೌದು ಎಂದೇ ತುಂಬಿ.

ಹಿಂದೆ ಅರ್ಜಿ ತಿರಸ್ಕೃತವಾದರೆ ಅದೇ ಕಚೇರಿಗೆ ಮರುಪರಿಶೀಲನೆಗೆ ಬರೆಯುವ ಒಂದು ಅವಕಾಶವಿತ್ತು. ಜರ್ಮನಿ 2025ರ ಜುಲೈ 1ರಿಂದ ಅದನ್ನು ಎಲ್ಲ ದೇಶಗಳಲ್ಲೂ ತೆಗೆದುಹಾಕಿತು. ಈಗ ಉಳಿದಿರುವುದು ಎರಡೇ ದಾರಿ: ಶುಲ್ಕ ಕಟ್ಟಿ ಹೊಸ ಅರ್ಜಿ, ಇಲ್ಲವೆ ಬರ್ಲಿನ್ನಿನ ಆಡಳಿತ ನ್ಯಾಯಾಲಯದಲ್ಲಿ ದಾವೆ. 'ಮೊದಲು ಕೊಟ್ಟು ನೋಡೋಣ, ಕೊರತೆ ಇದ್ದರೆ ಆಮೇಲೆ ಸರಿಪಡಿಸೋಣ' ಎಂಬ ನಮ್ಮ ರೂಢಿಗೆ ಅಲ್ಲಿ ಜಾಗ ಉಳಿದಿಲ್ಲ. ಆದ್ದರಿಂದ ಅರ್ಜಿ ಕೊಡುವ ವಾರಕ್ಕೆ ಮೊದಲು ಕಡತವನ್ನು ನಿಮ್ಮ ಬಗ್ಗೆ ಏನೂ ತಿಳಿಯದ ಒಬ್ಬರ ಕೈಗೆ ಕೊಟ್ಟು ಓದಿಸಿ. ಅವರು ಎಲ್ಲಿ ತಡೆದು 'ಇದೇನು?' ಎಂದು ಕೇಳುತ್ತಾರೋ ಅಧಿಕಾರಿಯೂ ಅಲ್ಲೇ ತಡೆಯುತ್ತಾರೆ.

ಕೊನೆಗೆ ಪಾಸ್‌ಪೋರ್ಟ್ ಕೈಗೆ ಬಂದ ದಿನ. ಎಲ್ಲರೂ ಮೊದಲು ಮನೆಗೆ ಫೋನ್ ಮಾಡುತ್ತಾರೆ. ನೀವು ಮೊದಲು ವೀಸಾದ ಚೀಟಿಯನ್ನು ಓದಿ. ಹೆಸರಿನ ಅಕ್ಷರಗಳು, ಪಾಸ್‌ಪೋರ್ಟ್ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ, ಓದಿಗೆಂದು ನಮೂದಾಗಿದೆಯೇ, ಎಲ್ಲವನ್ನೂ ನೋಡಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ಜರ್ಮನಿ ತಲುಪಿ ಮನೆ ಹಿಡಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ವೀಸಾ ಮುಗಿಯುವ ಮೊದಲು ಅಲ್ಲಿಯ ವಿದೇಶೀಯರ ಕಚೇರಿಯಲ್ಲಿ ವಾಸದ ಪರವಾನಗಿ ಕೇಳಬೇಕು. ಅಲ್ಲಿಯೂ ಇದೇ ಕಾಗದಗಳನ್ನು ಕೇಳುತ್ತಾರೆ. ಆದ್ದರಿಂದ ಒಂದು ಪೂರ್ತಿ ಪ್ರತಿ ನಿಮ್ಮ ಕೈಚೀಲದಲ್ಲಿರಲಿ, ಇನ್ನೊಂದು ಊರಿನ ಮನೆಯಲ್ಲಿ ಅಮ್ಮನ ಬಳಿ ಇರಲಿ. ಅದಾದ ಮೇಲೆ ಫೋನ್ ಮಾಡಬಹುದು.