ಮುಳ್ಳಿನ ಗಿಡಕ್ಕೂ ಒಂದು ಮೂಲೆ
(ತ್ರಾಸಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ವುಝೂ ನೀರು ಹರಿದುಹೋಗುವ ಹಿಂದಿನ ತೋಡನ್ನು ಶುಚಿ ಮಾಡುವ ಮಾತು ಬಂದಾಗ ನಮ್ಮಲ್ಲೇ ಎರಡು ಅಭಿಪ್ರಾಯವಾಯಿತು. ಅಲ್ಲಿ ಬೆಳೆದಿರುವುದು ಕೊಳವಳಿಕೆ. ಗಿಣ್ಣು ಗಿಣ್ಣಿಗೂ ಉದ್ದನೆಯ ಮುಳ್ಳು, ನಡುವೆ ನೀಲಿ ಬೆರೆತ ನೇರಳೆ ಹೂ. ಔಷಧಿ ಹೊಡೆದು ಮುಗಿಸೋಣ ಎಂದರು ಕೆಲವರು. ದಾರಿಯ ಮುಳ್ಳು ತೆಗೆಯುವುದು ಈಮಾನಿನ ಭಾಗವಲ್ಲವೇ ಎಂದೂ ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳು ಮದ್ರಸಾಕ್ಕೆ ನಡೆದು ಬರುವ ಕಡೆ ಆ ಗಿಡ ಇರಕೂಡದು. ಅಷ್ಟನ್ನು ಬುಡಸಹಿತ ಕೀಳೋಣ. ಆದರೆ ತೋಡಿನ ಆಚೆಯ ಕೆಸರು ಯಾರ ದಾರಿಯೂ ಅಲ್ಲ.

ಮುಸ್ಲಿಮನು ನೆಟ್ಟದ್ದರಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ನಾವು ಇದನ್ನು ತೆಂಗಿಗೂ ಮಾವಿಗೂ ಅನ್ವಯಿಸಿ ಸುಮ್ಮನಾಗುತ್ತೇವೆ. ಎಲೆ ತಿನ್ನುವ ಹುಳ ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಕೊಳವಳಿಕೆಯ ಎಲೆ ತಿನ್ನುವ, ಮೈತುಂಬ ಕವಲುಮುಳ್ಳಿನ ಕಪ್ಪು ಹುಳವನ್ನು ಕಂಬಳಿಹುಳವೆಂದು ತುಳಿಯಬೇಡಿ. ಅದು ನವಿಲು ಪ್ಯಾನ್ಸಿ ಚಿಟ್ಟೆಯ ಮರಿ. ಕಿತ್ತಳೆ ರೆಕ್ಕೆಯ ಮೇಲೆ ನವಿಲುಗಣ್ಣು ಬರೆದ ಆ ಚಿಟ್ಟೆಯನ್ನು ಗದ್ದೆಯ ಅಂಚಿನಲ್ಲಿ ನೀವೆಲ್ಲ ನೋಡಿದ್ದೀರಿ. ಮಳೆಗಾಲದಲ್ಲಿ ರೆಕ್ಕೆಯ ಅಡಿಭಾಗದಲ್ಲೂ ಕಣ್ಣುಗಳು ಎದ್ದು ಕಾಣುತ್ತವೆ. ಬೇಸಿಗೆಯಲ್ಲಿ ಹುಟ್ಟಿದ್ದು ರೆಕ್ಕೆ ಮಡಚಿದರೆ ಒಣಗಿದ ತರಗೆಲೆಯಂತೆ. ಒಂದೇ ಜೀವಿಗೆ ಕಾಲಕ್ಕೆ ತಕ್ಕ ಎರಡು ಉಡುಪು! ಅಲ್ಲಾಹನ ಸೃಷ್ಟಿಯನ್ನು ನೋಡಿ ಚಿಂತಿಸಿ ಎಂದರೆ ನಾವು ಆಕಾಶವನ್ನೇ ನೋಡುತ್ತೇವೆ, ಕಾಲಬುಡವನ್ನು ಮರೆಯುತ್ತೇವೆ.

ಯೂನಾನಿ ಹಕೀಮರ ತಾಲ್‌ಮಖಾನಾ ಈ ಗಿಡದ ಬೀಜವೇ. ಆಯುರ್ವೇದದಲ್ಲಿ ಇದು ಕೋಕಿಲಾಕ್ಷ. ಹಾಗೆಂದು ಕಿತ್ತು ಮದ್ದು ಮಾಡಿಕೊಳ್ಳಬೇಡಿ, ಅದು ಬಲ್ಲವರ ಕೆಲಸ.

ಸೌಪರ್ಣಿಕಾದ ಬದಿಯ ನಮ್ಮ ಬೈಲುಗಳಲ್ಲಿ ಮಣ್ಣು ತುಂಬಿಸಿ ಮನೆ ಕಟ್ಟುತ್ತಿದ್ದೇವೆ. ಮನೆ ಬೇಕು, ತಪ್ಪೆನ್ನಲಾರೆವು. ಆದರೆ ಒದ್ದೆ ನೆಲ ಹೋದಲ್ಲಿ ಈ ಗಿಡವಿಲ್ಲ. ಬೆಳೆಸಲು ಕಷ್ಟವೇನಿಲ್ಲ. ಒಣಗಿದ ಕಾಯಿಯಿಂದ ಬೀಜ ತೆಗೆದಿಟ್ಟು, ಜೂನ್‌ನ ಮೊದಲ ಮಳೆಗೆ ಕೆಸರಿನ ಮೇಲೆ ಚೆಲ್ಲಿದರೆ ಸಾಕು. ನೆನೆದ ಬೀಜ ಲೋಳೆಯಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಗೊಬ್ಬರ ಬೇಡ. ಸಾಬೂನು ನೀರು ಆ ತೋಡಿಗೆ ಬಿಡಬೇಡಿ.

ದಾರಿಯ ಕಡೆಯದನ್ನು ಭಾನುವಾರ ಫಜ್ರ್ ನಮಾಝಿನ ನಂತರ ಕತ್ತಿಯಿಂದಲೇ ಸವರುತ್ತೇವೆ. ಬರುವವರು ದಪ್ಪ ಕೈಚೀಲ ತನ್ನಿ. ಆಚೆ ದಡದ್ದನ್ನು ಬೀಜ ಬಲಿಯುವವರೆಗೆ ಮುಟ್ಟುವುದು ಬೇಡವೆಂದು ಜಮಾಅತಿನವರಲ್ಲಿ ಕೇಳಿಕೊಂಡಿದ್ದೇವೆ.