‘ಜೋರಾಗಿ ಬಂತು’ ಎಂದರೆ ಎಷ್ಟು?

ಪ್ರಬಂಧ ಬರೆಯಿಸುವದು ನನ್ನ ಕಸುಬು. ‘ನಮ್ಮೂರ ಜಾತ್ರೆ’, ‘ಮಳೆಗಾಲದ ಒಂದು ದಿನ’, ‘ಕಪ್ಪತಗುಡ್ಡಕ್ಕೆ ಪ್ರವಾಸ’ ಎಂದು ಬಹು ವರ್ಷಗಳಿಂದ ಹೈಸ್ಕೂಲಿನ ಹುಡುಗರಿಗೆ ವಿಷಯ ಕೊಡುತ್ತ ಬಂದವನು ನಾನು. ಮುನ್ನೂರು ಶಬ್ದವೆಂದರೆ ಎಂಟನೆಯ ಇಯತ್ತೆಯ ಹುಡುಗನಿಗೆ ಒಂದೂವರೆ ಪುಟ. ಜಾಣನಾದರೆ ಊಟದ ಬಿಡುವಿನಲ್ಲಿಯೇ ಮುಗಿಸಿಯಾನು. 2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ನಡೆಸುತ್ತಿದ್ದ ಬೆಲೆಯುಳ್ಳ ಕಾರು ಮೋಟಾರ್ ಸೈಕಲ್ಲಿಗೆ ಬಡಿದು ಇಬ್ಬರು ತರುಣ ಎಂಜಿನಿಯರರು ಸತ್ತರು. ಕೆಲವೇ ತಾಸುಗಳಲ್ಲಿ ಹುಡುಗನಿಗೆ ಜಾಮೀನು ಸಿಕ್ಕಿತು. ರಸ್ತೆಯ ಅಪಘಾತಗಳ ಮೇಲೆ 300 ಶಬ್ದಗಳ ಪ್ರಬಂಧ ಬರೆಯಬೇಕೆಂಬುದು ಅದರ ಶರತ್ತುಗಳಲ್ಲಿ ಒಂದು. ಆ ವಾರ ಬೆಟಗೇರಿಯ ಚಹದಂಗಡಿಯಲ್ಲಿ ಪರಿಚಿತರೊಬ್ಬರು ನನ್ನನ್ನು ತಡೆದು, “ಏನ್ರಿ ಮಾಸ್ತರ್ರ, ನೀವಾಗಿದ್ರ ಆ ಪ್ರಬಂಧಕ್ಕ ಎಷ್ಟು ಮಾರ್ಕ್ಸ್ ಹಾಕ್ತಿದ್ರಿ?” ಎಂದು ಕೇಳಿದರು. ಕೂಡಿದವರೆಲ್ಲ ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಅದು ಶಿಕ್ಷೆಯಲ್ಲ, ಜಾಮೀನಿನ ಶರತ್ತು ಮಾತ್ರ. ಜನ ಸಿಟ್ಟಿಗೆದ್ದ ಮೇಲೆ ಮೂರೇ ದಿನಗಳಲ್ಲಿ ಆ ಜಾಮೀನು ರದ್ದಾಗಿ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿದ್ದೂ ಉಂಟು. ಆದರೆ ಜನ ಕೇಳಿದ ಪ್ರಶ್ನೆ ಶರತ್ತಿನದಾಗಿರಲಿಲ್ಲ. ಒಂದು ಜೀವದ ಬೆಲೆ ಎಷ್ಟು ಎಂಬುದೇ ಅವರ ಪ್ರಶ್ನೆ. ನಮ್ಮ ಗದಗ-ಮುಂಡರಗಿ ರಸ್ತೆಯಲ್ಲಿ, ಲಕ್ಷ್ಮೇಶ್ವರ-ಶಿರಹಟ್ಟಿಯ ಹಾದಿಯಲ್ಲಿ ಹೆಣವನ್ನು ನಡುವಿಟ್ಟುಕೊಂಡು ವಾಹನ ತಡೆಯುವ ಜನ ಕೇಳುವದೂ ಅದನ್ನೇ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ ರಸ್ತೆಯ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ಲೆಕ್ಕವೇ ಹೇಳುತ್ತದೆ.

ಕಾಯಿದೆಯ ಮಾತನ್ನು ತುಸು ನೋಡೋಣ. ಅಜಾಗರೂಕತೆಯಿಂದ ಸಾವನ್ನುಂಟುಮಾಡಿದವನಿಗೆ ಹೆಚ್ಚೆಂದರೆ ಎರಡು ವರ್ಷ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ ಎಂಬ 304-ಎ ಕಲಮು ಭಾರತ ದಂಡ ಸಂಹಿತೆಯಲ್ಲಿ ಸೇರಿದ್ದು 1870ರಲ್ಲಿ. ಆಗ ಮೋಟಾರು ಹುಟ್ಟಿರಲಿಲ್ಲ. ಗದಗಿಗೆ ರೈಲು ಬಂದದ್ದೇ 1884ರಲ್ಲಿ. ಚಕ್ಕಡಿ-ಟಾಂಗಾಗಳ ಕಾಲದಲ್ಲಿ ಹೊಲಿದ ಅಂಗಿಯನ್ನು ಲಾರಿ-ಬಸ್ಸುಗಳ ಕಾಲಕ್ಕೂ ತೊಡಿಸುತ್ತ ಬಂದೆವು. ‘ಇಲ್ಲವೆ ದಂಡ’ ಎಂಬ ಎರಡು ಶಬ್ದಗಳ ಕಿಂಡಿಯಿಂದ ಎಷ್ಟೋ ಖಟ್ಲೆಗಳು ಹೊರಬಿದ್ದವು. ನಮ್ಮ ರಾಜ್ಯದ್ದೇ ಒಂದು ಖಟ್ಲೆಯಲ್ಲಿ, ಬಸ್ಸನ್ನು ಬೇಫಿಕೀರಿನಿಂದ ನಡೆಸಿ ಸಾವಿಗೆ ಕಾರಣನಾದ ಚಾಲಕನಿಗೆ ಬರಿಯ ದಂಡವಾಗಿತ್ತು. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕರ್ನಾಟಕ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1987ರಲ್ಲಿ ಆ ನ್ಯಾಯಾಲಯ ಶಿಕ್ಷೆಯನ್ನು ಆರು ತಿಂಗಳ ಕಠಿಣ ಸೆರೆಗೆ ಏರಿಸಿ, ಇಂಥಲ್ಲಿ ತೋರುವ ಅತಿ ಕನಿಕರ ನ್ಯಾಯದ ಮೇಲಿನ ಜನರ ನಂಬಿಕೆಯನ್ನೇ ಸಡಿಲಿಸುವದೆಂಬ ಅರ್ಥದ ಮಾತನ್ನಾಡಿತು. 2015ರಲ್ಲಿ ಪಂಜಾಬದ ಒಂದು ಖಟ್ಲೆ ಅಲ್ಲಿಗೆ ಬಂತು. ಸತ್ತವರ ಕಡೆಯವರಿಗೆ ಹಣ ಸಂದಿದೆಯೆಂದು ಒಂದು ವರ್ಷದ ಶಿಕ್ಷೆಯನ್ನು 24 ದಿನಕ್ಕೆ ಇಳಿಸಲಾಗಿತ್ತು. ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳಿಗೆ ಏರಿಸಿ, ಈ ಕಲಮನ್ನು ಮತ್ತೊಮ್ಮೆ ನೋಡಿರೆಂದು ಶಾಸನ ಮಾಡುವವರಿಗೆ ಹೇಳಿತು.

ನೋಡಿದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ಎರಡು ವರ್ಷ ಐದಾಯಿತು, ‘ಇಲ್ಲವೆ’ ಹೋಗಿ ‘ಮತ್ತು’ ಬಂತು. ವ್ಯಾಕರಣ ಕಲಿಸುವವನಿಗೆ ಇದು ಸಣ್ಣ ಬದಲಾವಣೆಯೆನಿಸದು. ಗುದ್ದಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷವೆಂಬ ಉಪಕಲಮೂ ಇತ್ತು. ಆದರೆ ಅದೇ ವರ್ಷದ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದರಿಂದ, ಸಂಹಿತೆ ಜಾರಿಯಾದಾಗ ಅದೊಂದನ್ನು ತಡೆಹಿಡಿದರು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆ, ಓಡಿದರೆ ಹತ್ತು ವರ್ಷ, ನಾವೇನು ಮಾಡಬೇಕು ಎಂಬ ಚಾಲಕರ ಮಾತನ್ನು ಸುಳ್ಳೆನ್ನಲು ನನಗೆ ಬಾಯಿ ಬಾರದು. ಗುದ್ದಿದವನ ಮೇಲೆ ಕಲ್ಲೆತ್ತಿದ ಕೈಗಳನ್ನು ನಾನೇ ಕಂಡಿದ್ದೇನೆ.

ಇಷ್ಟಾದರೂ ನನ್ನ ಮನಸ್ಸು ನಿಲ್ಲುವದು ಬೇರೊಂದು ಕಡೆಗೆ. 1982ರ ನವೆಂಬರದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಾರಿ ಹಳ್ಳ ದಾಟುವಾಗ ಮಗುಚಿ 15 ಜನ ಸತ್ತರು. ಕೆಳಗಿನ ಎರಡೂ ನ್ಯಾಯಾಲಯಗಳು ಚಾಲಕನನ್ನು ತಪ್ಪಿತಸ್ಥನೆಂದವು. ಹೈಕೋರ್ಟು ಬಿಡುಗಡೆ ಮಾಡಿತು. 1998ರಲ್ಲಿ ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನೇ ಒಪ್ಪಿತು. ಕಾರಣವೇನು? ಸಾಕ್ಷಿಗಳೆಲ್ಲ ಲಾರಿ ಜೋರಾಗಿ ಹೋಗುತ್ತಿತ್ತು ಎಂದಿದ್ದರು. ಜೋರು ಎಂದರೆ ಎಷ್ಟು ಎಂಬುದನ್ನು ಅಂದಾಜಿನಿಂದಲೂ ಒಬ್ಬರೂ ಹೇಳಲಿಲ್ಲ. ವೇಗವೊಂದೇ ಅಜಾಗರೂಕತೆಯಾಗದು, ಅದನ್ನು ಸಿದ್ಧಮಾಡಿ ತೋರಿಸಬೇಕು ಎಂದಿತು ನ್ಯಾಯಾಲಯ. ಹದಿನೈದು ಜೀವಗಳ ಖಟ್ಲೆ ಒಂದು ಕ್ರಿಯಾವಿಶೇಷಣದ ಮೇಲೆ ಕುಸಿಯಿತು.

ಇದನ್ನು ನಾನು ಓದಿದ್ದು ತಡವಾಗಿ. ಅದಕ್ಕಿಂತ ಮೊದಲೇ ಆ ಮಾತನ್ನು ನನ್ನ ಬಾಯಿಂದಲೇ ಆಡಿಬಿಟ್ಟಿದ್ದೆ.

2011ರ ಮಾತು. ಡಂಬಳದ ಈಚೆಗೆ ಒಂದು ಹಳ್ಳಿಯ ಕ್ರಾಸಿನಲ್ಲಿ ಬೆಳಿಗ್ಗೆ ಬಸ್ಸಿಗೆ ನಿಂತಿದ್ದೆ. ನನ್ನ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಸರಕಾರ ಕೊಟ್ಟ ಸೈಕಲ್ಲಿನ ಮೇಲೆ ಸಾಲಿಗೆ ಹೊರಟಿದ್ದ. ನನ್ನನ್ನು ಕಂಡು ಒಂದು ಕೈ ಎತ್ತಿದ. ಗದಗಿನ ಪೇಟೆಯಲ್ಲಿ ಉಳ್ಳಾಗಡ್ಡಿ ಇಳಿಸಿ ಬರಿದಾಗಿ ಮರಳುತ್ತಿದ್ದ ಲಾರಿಯೊಂದು ಎದುರಿನ ಟ್ರ್ಯಾಕ್ಟರನ್ನು ಹಿಂದೆಹಾಕಲು ಬಲಕ್ಕೆ ನುಗ್ಗಿತು. ಮುಂದಿನದನ್ನು ಹೇಳಲಾರೆ.

ನಾಲ್ಕು ವರ್ಷಗಳ ಮೇಲೆ ಸಾಕ್ಷಿಗೆ ಕರೆ ಬಂತು. ಅಂದು ರಸ್ತೆಯಲ್ಲಿ ನೂರಾರು ಜನ ಕೂಡಿ ಎರಡು ತಾಸು ವಾಹನ ತಡೆದಿದ್ದರು. ಕೋರ್ಟಿಗೆ ಬಂದವರು ಮೂವರು. ಅವರಲ್ಲಿ ಇಬ್ಬರು, “ನಾವು ಆಮ್ಯಾಲೆ ಬಂದ್ವಿರಿ, ನೋಡಿಲ್ರಿ” ಎಂದು ಇಳಿದುಹೋದರು. ನಡುವೆ ಹಿರಿಯರು ಕೂತು ಏನೋ ಒಪ್ಪಂದ ಮಾಡಿಸಿದ್ದರೆಂದು ಕೇಳಿದ್ದೆ. ಕಾಯಿದೆಯಲ್ಲಿ ಈ ಅಪರಾಧಕ್ಕೆ ರಾಜಿಯಿಲ್ಲ. ಆದರೆ ಸಾಕ್ಷಿಯ ನಾಲಿಗೆಗೆ ಉಂಟು. ಉಳಿದವನು ನಾನೊಬ್ಬ.

“ಲಾರಿ ಹ್ಯಾಂಗ ಬಂತು?” ಎಂದರು ಆರೋಪಿಯ ವಕೀಲರು.

“ಭಾಳ ಜೋರ್ ಬಂತ್ರಿ.”

“ಜೋರು ಅಂದ್ರ ಎಷ್ಟು? ನಲವತ್ತು ಇರಬಹುದೇನ್ರಿ?”

“ಇರಬಹುದು.”

“ತೊಂಬತ್ತೂ ಇರಬಹುದು?”

“ಇರಬಹುದು.”

“ಅಂದ್ರ ನಿಮಗ ಗೊತ್ತಿಲ್ಲ. ಕನ್ನಡ ಪಂಡಿತರಲ್ಲೇನ್ರಿ ತಾವು?”

ತಿರುಳ್ಗನ್ನಡವೆಂದು ಪಂಪನು ಮೆಚ್ಚಿದ ಪುಲಿಗೆರೆಯ ಸೀಮೆಯವನು ನಾನು, ಇಂದಿನ ಲಕ್ಷ್ಮೇಶ್ವರದ ನೆರೆಯವನು. ಒಂದು ಲಾರಿಯ ಓಟವನ್ನು ಹೇಳಲು ನನ್ನಲ್ಲಿ ಶಬ್ದವಿರಲಿಲ್ಲ. ನಾನು ಕಂಡದ್ದು ಬೇಕಾದಷ್ಟಿತ್ತು. ಹಾರ್ನ್ ಬಾರಿಸಲಿಲ್ಲ. ಲಾರಿಯ ಬಲಗಾಲಿಗಳು ಡಾಂಬರು ಬಿಟ್ಟು ಮಣ್ಣಿಗೆ ಇಳಿದಿದ್ದವು. ಹುಡುಗ ತನ್ನ ಎಡಗಡೆಯ ಅಂಚಿನಲ್ಲಿಯೇ ಇದ್ದ. ಬಸ್‌ಸ್ಟಾಪಿನ ಕಂಬದ ಹತ್ತಿರ ಸಿಕ್ಕ ಸೈಕಲ್ಲು ಮೂರನೆಯ ಬೇವಿನ ಮರದವರೆಗೆ ಉಜ್ಜಿಕೊಂಡು ಹೋಗಿತ್ತು. ಅದನ್ನು ಹೆಜ್ಜೆಯಿಂದ ಅಳೆದಿದ್ದರೂ ಸಾಕಿತ್ತು. ಪೊಲೀಸರ ಮುಂದಿನ ನನ್ನ ಹೇಳಿಕೆಯಲ್ಲಿ ಇದೊಂದೂ ಇರಲಿಲ್ಲ. ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿ’ ಎಂದಿತ್ತು. ಬರೆದವರು ಓದಿ ಹೇಳಿದಾಗ, ಭಾಷೆ ಶುದ್ಧವಾಗಿದೆಯಲ್ಲ ಎಂದು ಸಹಿ ಹಾಕಿದೆ. ಎಲ್ಲ ಅಪಘಾತಗಳಿಗೂ ಒಪ್ಪುವ ಮಾತು ಯಾವ ಅಪಘಾತವನ್ನೂ ಹೇಳುವದಿಲ್ಲವೆಂದು, ಹುಡುಗರ ಪ್ರಬಂಧಗಳಲ್ಲಿ ಇಂಥ ಮಾತುಗಳಿಗೆ ಕೆಂಪು ಗೆರೆ ಎಳೆಯುವ ನನಗೆ ಹೊಳೆಯಲಿಲ್ಲ. ಚಾಲಕನಿಗೆ ಸ್ವಲ್ಪ ದಂಡವಾಯಿತು. ಕೋರ್ಟು ಏಳುವವರೆಗೆ ಅಲ್ಲಿಯೇ ಕೂಡ್ರುವ ಸೆರೆಯಾಯಿತು. ಸಂಜೆ ಅವನೂ ನಾನೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಇಪ್ಪತ್ತಾರರ ಹುಡುಗ. ನನ್ನನ್ನು ನೋಡಲಿಲ್ಲ.

ಅವನಿಗೆ ಅಂದು ಎರಡನೆಯ ಖೇಪು ಹೊಡೆಯುವ ಅವಸರವಿತ್ತಂತೆ. ಖೇಪು ಎಣಿಸುವ ಮಾಲಕ ಕಟಕಟೆಯಲ್ಲಿರಲಿಲ್ಲ. ಈ ವಿಷಯದಲ್ಲಿ ನಮ್ಮ ಹಳಬರು ಜಾಣರಾಗಿದ್ದರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಂಡಿಯ ಅಪಘಾತದ ಮಾತೂ ಬರುತ್ತದೆ. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ ತಪ್ಪಿಲ್ಲ. ಆದರೆ ಬಂಡಿ ಹೊಡೆಯುವವನು ಬಾಲಕನಾಗಿದ್ದರೆ ಒಳಗೆ ಕೂತ ಒಡೆಯನಿಗೆ ದಂಡ. ನಾವು ಅಲ್ಲಿಗೆ ಮುಟ್ಟಿದ್ದು 2019ರ ತಿದ್ದುಪಡಿಯಲ್ಲಿ. ವಯಸ್ಸಿಗೆ ಬಾರದವನು ಮೋಟಾರು ನಡೆಸಿ ತಪ್ಪುಮಾಡಿದರೆ ಪಾಲಕನಿಗೆ ಇಲ್ಲವೆ ಮಾಲಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು.

ರೇಡಿಯೋ ಇರುವ ಮನೆಗಳಲ್ಲಿ ಈಗ ಬೈಕೂ ಇರುತ್ತದೆ. ಪುಣೆಯ ಸುದ್ದಿ ಕೇಳಿ ಹಲ್ಲು ಕಡಿದವರಲ್ಲಿ ನೀವೂ ಇದ್ದಿರಬಹುದು. ನಮ್ಮ ಸಾಲಿಯ ಹಿಂದಿನ ಗಲ್ಲಿಯಲ್ಲಿ ಹತ್ತನೆಯ ಇಯತ್ತೆಯವರ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಒಳಗೆ ತಂದರೆ ಹೆಡ್‌ಮಾಸ್ತರರು ಕೀಲಿ ಕಸಿಯುತ್ತಾರೆಂದು ಗಲ್ಲಿ ಹಿಡಿದಿದ್ದಾರೆ. ಕೀಲಿ ಕಸಿದ ಮರುದಿನ ತಂದೆಯೇ ಬಂದು, “ಟ್ಯೂಷನ್ನಿಗೆ ತಡಾ ಆಗ್ತದ್ರಿ ಸರ್” ಎನ್ನುತ್ತಾರೆ.

ಈಗ ನಾನು ವರ್ಷಕ್ಕೊಮ್ಮೆ ಹುಡುಗರನ್ನು ರಸ್ತೆಯ ಅಂಚಿಗೆ ಕರೆದೊಯ್ಯುತ್ತೇನೆ. ಈ ಕಂಬದಿಂದ ಆ ಮರಕ್ಕೆ ಎಷ್ಟು ಹೆಜ್ಜೆ, ಆ ಬಸ್ಸು ಅದನ್ನು ದಾಟುವಷ್ಟರಲ್ಲಿ ಎಷ್ಟು ಎಣಿಸಿದಿರಿ, ಬರೆಯಿರಿ ಎನ್ನುತ್ತೇನೆ. ‘ಜೋರಾಗಿ’ ಎಂಬ ಶಬ್ದ ಬರಕೂಡದು ಎಂಬುದೊಂದೇ ನಿಯಮ.

ಆ ಖಟ್ಲೆ ಮುಗಿದ ಮೇಲೆ ಮುದ್ದೇಮಾಲಾಗಿ ಬಿದ್ದಿದ್ದ ಸೈಕಲ್ಲನ್ನು ಹುಡುಗನ ತಂದೆಗೆ ಮರಳಿ ಕೊಟ್ಟರು. ಅವನು ಅದನ್ನು ಹೆಗಲ ಮೇಲೆ ಹೊತ್ತು ನೇರವಾಗಿ ನಮ್ಮ ಸಾಲಿಗೆ ಬಂದ. ಮುಂದಿನ ಗಾಲಿ ಮಡಚಿತ್ತು, ಹಿಂದಿನದು ಇನ್ನೂ ತಿರುಗುತ್ತಿತ್ತು. “ಸರ್ಕಾರದ್ದಲ್ರಿ ಸರ್, ತಿರುಗಿ ಕೊಡಬೇಕೇನ್ರಿ?” ಎಂದು ಕೇಳಿದ. ಬೇಡಪ್ಪಾ ಎಂದೆ. ತುಸು ಹೊತ್ತು ನಿಂತು, ಮತ್ತೆ ಹೆಗಲಿಗೆ ಏರಿಸಿಕೊಂಡು ಹೋದ.